ಭಾರವಾದ ಸೈಕಲ್ಲು

ಕಾರವಾರದಲ್ಲಿ ನಾನು ಕೆಲಸ ಮಾಡುವ ದೋಣಿ ಇಂಜಿನ್ನಿನ ವರ್ಕ್‌ಶಾಪಿನಲ್ಲಿ ನನ್ನ ಕಿವಿಗೆ ಒಂದು ಹೆಸರಿದೆ. ಇಂಜಿನ್ ಚಾಲೂ ಮಾಡಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅದರ ಮೈಗೆ ಒತ್ತಿ, ಹಿಡಿಕೆಯನ್ನು ಕಿವಿಗೆ ಆನಿಸಿಕೊಂಡರೆ ಸಾಕು, ಒಳಗೆ ಏನು ಕೆಟ್ಟಿದೆ ಎಂದು ಬಿಚ್ಚದೆಯೇ ಹೇಳುತ್ತೇನೆ. ಹತ್ತರಲ್ಲಿ ಒಂಬತ್ತು ಸಲ ಸರಿಯಾಗುತ್ತದೆ. ಹತ್ತನೆಯದರ ಮಾತನ್ನು ಯಾರಾದರೂ ಎತ್ತಿದರೆ ಮಾತ್ರ ನನ್ನ ಮುಖ ಊದಿಕೊಳ್ಳುತ್ತದೆ.

ಮನೆಯಲ್ಲೂ ಅದೇ ಬುದ್ಧಿ. ಒಮ್ಮೆ ಮಿಕ್ಸಿ ಬಿಚ್ಚಿ ಜೋಡಿಸಿ ಕೊಟ್ಟಾಗ ಹೆಂಡತಿ, "ಇನ್ನೂ ಸುಟ್ಟ ವಾಸ್ನೆ ಬರ್ತದಲ್ರಾ" ಎಂದಳು. ಎರಡು ದಿನ ಅವಳ ಜೊತೆ ಮಾತು ಬಿಟ್ಟೆ. ಮೂರನೆಯ ದಿನ ಸಾರು ಬಡಿಸುತ್ತ, "ಮಿಕ್ಸಿ ಈಗ ಸಮಾ ಆಯ್ತು" ಎಂದಳು. ನನಗೆ ಸಮಾಧಾನವಾಯಿತು. ಯಾರೂ ಮುಟ್ಟದ ಮಿಕ್ಸಿ ತನ್ನಷ್ಟಕ್ಕೇ ಹೇಗೆ ಸರಿಹೋಯಿತು ಎಂದು ಮೆಕ್ಯಾನಿಕ್ಕಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಅವಳು ಹೋಗಿ ವರ್ಷವಾಗುತ್ತ ಬಂತು. ಅವಳ ಸೈಕಲ್ಲಿನ ಕತೆಯನ್ನು ಈಗಲಾದರೂ ಬರೆದಿಡಬೇಕು ಅನಿಸಿದೆ. ನನ್ನ ಕಿವಿ ಎಂಥದ್ದು ಎಂದು ಗೊತ್ತಾದದ್ದು ಆ ಸೈಕಲ್ಲಿನಿಂದ.

ಅವರ್ಸಾದ ನಮ್ಮ ಮನೆಯಲ್ಲಿ ಇದ್ದದ್ದು ನಾವಿಬ್ಬರೇ. ನಾನು ಬೆಳಿಗ್ಗೆ ಏಳರ ಬಸ್ಸಿಗೆ ಕಾರವಾರಕ್ಕೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಅವಳು ಪಕ್ಕದ ಕೇರಿಯಾಚೆಯ ಅಂಗನವಾಡಿಯಲ್ಲಿ ಸಹಾಯಕಿ. ಮಕ್ಕಳಿಗೆ ಅಡುಗೆ ಮಾಡುವುದು, ಉಣ್ಣಿಸುವುದು, ಪಾತ್ರೆ ತೊಳೆಯುವುದು. ಒಂಬತ್ತಕ್ಕೆ ಹೊರಡುತ್ತಿದ್ದಳು. ಹೆದ್ದಾರಿ ಅಗಲವಾದ ಮೇಲೆ ಲಾರಿಗಳ ಓಟಕ್ಕೆ ಹೆದರಿ ಅತ್ತ ಹೋಗುವುದನ್ನೇ ಬಿಟ್ಟು, ಸಮುದ್ರದ ಇಳಿತವಿದ್ದಾಗ ಬೇಲೆಯ ಗಟ್ಟಿ ಒದ್ದೆ ಮರಳಿನ ಮೇಲೆ, ಭರತವಿದ್ದಾಗ ಗದ್ದೆಯ ಬದಿಯ ಮಣ್ಣಿನ ದಾರಿಯಲ್ಲಿ ಹೋಗುತ್ತಿದ್ದಳು. ಎರಡು ದಾರಿಗೂ ಕೊನೆಯಲ್ಲಿ ಒಂದು ಏರು. ಕಪ್ಪು ಬಣ್ಣದ ಹಳೇ ಲೇಡೀಸ್ ಸೈಕಲ್ಲು. ಹಿಂದಿನ ಕ್ಯಾರಿಯರಿಗೆ ಒಂದು ಚೀಲ, ಮುಂದಿನ ಬುಟ್ಟಿಯಲ್ಲಿ ಮನೆಯ ಬಸಳೆಯೋ ಹರಿವೆಯೋ.

ಆ ಸಲ ಮಳೆಗಾಲ ಮುಗಿಯುತ್ತಿದ್ದಂತೆ ಶುರು ಮಾಡಿದಳು. "ಯಾಕೋ ಸೈಕಲ್ ಭಾರ ಆಗ್ತದೆ ರಾ. ಏರಲ್ಲಿ ಹತ್ತೂದೇ ಇಲ್ಲ."

"ಉಪ್ಪು," ಎಂದೆ ನಾನು, ಪೇಪರಿನಿಂದ ತಲೆ ಎತ್ತದೆ.

ನಮ್ಮ ಕಡೆ ಏನು ಕೆಟ್ಟರೂ ಹೊರೆಯೆಲ್ಲ ಉಪ್ಪುಗಾಳಿಯ ಮೇಲೆ. ಫ್ಯಾನು ನಿಂತರೆ ಉಪ್ಪು, ಕಿಟಕಿಯ ಸರಳು ಉದುರಿದರೆ ಉಪ್ಪು, ಟಿವಿಯಲ್ಲಿ ಗೆರೆ ಬಂದರೂ ಉಪ್ಪು. ಹೆಚ್ಚಿನ ಸಲ ಅದು ಸರಿಯೇ ಆಗಿರುವುದರಿಂದ ಬೇರೆ ಕಾರಣ ಹುಡುಕುವ ಅಭ್ಯಾಸವೇ ನಮಗೆ ತಪ್ಪಿಹೋಗಿದೆ. ಇವಳಂತೂ ವಾರಕ್ಕೆ ಮೂರು ದಿನ ಸಮುದ್ರದ ನೀರು ಸಿಡಿಸಿಕೊಂಡು ಸೈಕಲ್ ಹೊಡೆಯುವವಳು. ಅನುಮಾನಕ್ಕೆ ಜಾಗವೆಲ್ಲಿ?

ಭಾನುವಾರ ಚೈನು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದೆ. ಮುಂದಿನ ಭಾನುವಾರ ಎರಡೂ ಚಕ್ರದ ನಡುವಿನ ಹಬ್ಬುಗಳಿಗೆ ಹೊಸ ಗ್ರೀಸು. ಅದರ ಮುಂದಿನ ವಾರ ಬ್ರೇಕು ಉಜ್ಜುತ್ತದೇನೋ ಎಂದು ರಬ್ಬರು ಸರಿಸಿದೆ. ಪ್ರತಿ ಸಲ ಅವಳು ಒಂದೆರಡು ದಿನ ಸುಮ್ಮನಿದ್ದು, ಆಮೇಲೆ ಹೆದರಿ ಹೆದರಿ ಅದೇ ಮಾತು. "ಭಾರನೇ ಅದೆ. ಒಂದು ಚೂರು ಕಮ್ಮಿ ಆಗಿರಬಹುದು."

ಅಷ್ಟರಲ್ಲಿ ಸೈಕಲ್ಲಿಗೆ ಒಂದು ಸದ್ದೂ ಹುಟ್ಟಿಕೊಂಡಿತು. ಬಲಗಾಲು ಕೆಳಗೆ ಒತ್ತಿದಾಗಲೆಲ್ಲ ಕಿರ್ರ್, ಕಟ್. ನನಗೆ ಕುಣಿಯುವಷ್ಟು ಖುಷಿ. ಸದ್ದಿಲ್ಲದ ರೋಗಕ್ಕೆ ನಾನೇನು ಮಾಡಲಿ. ಸದ್ದು ಅಂದಮೇಲೆ ಅದು ನನ್ನ ಕೈಗೆ ಸಿಕ್ಕಿದ ಹಾಗೆ.

ಸೈಕಲ್ಲಿನ ಸದ್ದು ಮೋಸದ್ದು. ಒಂದು ಕಡೆ ಹುಟ್ಟಿ ಇನ್ನೊಂದು ಕಡೆ ಕೇಳಿಸುತ್ತದೆ. ಸೀಟಿನದ್ದೇ ಎಂದು ನಿಂತು ತುಳಿದು ನೋಡಿದೆ, ಸದ್ದು ಹೋಗಲಿಲ್ಲ. ಹಳೆಯ ಪೆಡಲು ತೆಗೆದು ಬೇರೆ ಹಾಕಿದೆ, ಹೋಗಲಿಲ್ಲ. ಪೆಡಲಿನ ತೋಳನ್ನು ಅಚ್ಚಿಗೆ ಬಿಗಿಯುವ ಕಾಟರ್ ಪಿನ್ನು ಸಡಿಲಾದರೂ ಇದೇ ಸದ್ದು ಬರುತ್ತದೆ, ಅದನ್ನು ಹೊಡೆದು ಬಿಗಿ ಮಾಡಿದೆ. ಕಿರ್ರ್, ಕಟ್. ಕೊನೆಗೆ ಚೈನು ಕಳಚಿ, ಪೆಡಲಿನ ತೋಳು ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿದೆ. ಅಲ್ಲಾಡಿತು. ಮೆಲ್ಲಗೆ ತಿರುಗಿಸಿದರೆ ಒಳಗೆ ಮರಳು ಅರೆದ ಹಾಗೆ ಕೈಗೆ ತಾಗಿತು. ಸ್ಕ್ರೂಡ್ರೈವರ್ ತಂದು ಚೌಕಟ್ಟಿನ ಅಡಿಗೆ ಒತ್ತಿ, ಹಿಡಿಕೆಗೆ ಕಿವಿ ಕೊಟ್ಟು, ಅವಳಿಗೆ ಪೆಡಲು ತಿರುಗಿಸಲು ಹೇಳಿದೆ. ಎಲ್ಲ ಸ್ಪಷ್ಟವಾಗಿ ಕೇಳಿಸಿತು.

"ಬಿಬಿ ಹೋಯ್ತು," ಎಂದೆ, ದೊಡ್ಡ ಡಾಕ್ಟರರ ಗತ್ತಿನಲ್ಲಿ.

ಅವಳು ನನ್ನ ಪಕ್ಕದಲ್ಲೇ ಬಗ್ಗಿ ನಿಂತು ಪೆಡಲು ತಿರುಗಿಸುತ್ತಿದ್ದಳು. ಅವಳ ಉಸಿರು ನನ್ನ ಇನ್ನೊಂದು ಕಿವಿಗೆ ಬೀಳುತ್ತಿತ್ತು. ದೊಡ್ಡದಾಗಿ ಬೀಳುತ್ತಿತ್ತು ಎಂದು ಈಗ ನೆನಪಾಗುತ್ತದೆ. ಆಗ, "ಸ್ವಲ್ಪ ಸರ್ಕಂಡು ನಿಲ್ಲೆ, ಕೇಳೂದಿಲ್ಲ," ಎಂದು ಗದರಿದ್ದೆ.

ಬಿಬಿ ಅಂದರೆ ಎರಡು ಪೆಡಲುಗಳ ನಡುವೆ, ಚೌಕಟ್ಟಿನ ತಳದ ಕೊಳವೆಯೊಳಗೆ ಕೂತ ಅಚ್ಚು. ಅದರ ಎರಡೂ ತುದಿಗೆ ಬಟ್ಟಲಿನಂಥ ಕಪ್ಪುಗಳು, ಕಪ್ಪುಗಳೊಳಗೆ ಉಕ್ಕಿನ ಗುಂಡುಗಳು. ತುಳಿಯುವವರ ಭಾರವೆಲ್ಲ ಬೀಳುವುದು ಅಲ್ಲೇ. ಎಡಗಡೆಯ ಕಪ್ಪು ಸಲೀಸಾಗಿ ಬಿಚ್ಚಿಕೊಂಡಿತು. ಬಲಗಡೆಯದನ್ನು ಎಲ್ಲ ನಟ್ಟಿನಂತೆ ಎಡಕ್ಕೆ ತಿರುಗಿಸಿದರೆ ಇನ್ನಷ್ಟು ಬಿಗಿಯಾಗುತ್ತದೆ. ಅದನ್ನು ಬಲಕ್ಕೆ ತಿರುಗಿಸಿ ಬಿಚ್ಚಬೇಕು. ಗೊತ್ತಿಲ್ಲದವರು ಅಲ್ಲೇ ಕಪ್ಪಿನ ಮೂಲೆ ಮುರಿದುಕೊಳ್ಳುತ್ತಾರೆ. ಇದನ್ನು ಅವಳಿಗೆ ವಿವರಿಸಿ ಹೇಳಿದೆ. ಅವಳು ಬಾವಿಕಟ್ಟೆಯ ಮೇಲೆ ಕೂತು "ಹೌದನಾ" ಎಂದಳು.

ಒಳಗೆ ನೋಡಿದರೆ ತುಕ್ಕು, ಮರಳು, ಮೇಣದಂತೆ ಗಟ್ಟಿಯಾದ ಎಂಥದ್ದೋ ಜಿಡ್ಡು. ಮೂಸಿದೆ. ತೆಂಗಿನೆಣ್ಣೆ! ಬಾಗಿಲ ತಿರುಗಣಿಗೆ, ಹೊಲಿಗೆ ಮಷಿನಿಗೆ, ಕೊನೆಗೆ ಬೀಗದ ತೂತಿಗೂ ತೆಂಗಿನೆಣ್ಣೆ ಬಿಡುವುದು ನಮ್ಮೂರ ಹೆಂಗಸರ ಚಾಳಿ. "ಸೈಕಲ್ ಎಂತ ನಿನ್ನ ಜಡೆಯನಾ?" ಎಂದು ರೇಗಿದೆ. "ಭಾರ ಆಗ್ತಿತ್ತಲ್ರಾ, ಸ್ವಲ್ಪ ಹಗುರ ಆಗ್ತದೇನೋ ಅಂದೇಳಿ ಬಿಟ್ಟೆ," ಎಂದು ತಪ್ಪು ಮಾಡಿದವಳಂತೆ ನಕ್ಕಳು. ನನಗೆ ಎಲ್ಲ ಉತ್ತರವೂ ಸಿಕ್ಕಿಬಿಟ್ಟಿತ್ತು. ಉಪ್ಪು, ಮರಳು, ತೆಂಗಿನೆಣ್ಣೆ.

ಅಂಕೋಲೆಯ ಸೈಕಲ್ ಅಂಗಡಿಗೆ ಎರಡು ಸಲ ಹೋಗಬೇಕಾಯಿತು. ಮೊದಲ ಸಲ ಕೊಟ್ಟ ಅಚ್ಚು ಒಂದು ಬೆರಳಿನಷ್ಟು ಉದ್ದವಾಯಿತು. ಪೆಡಲಿನ ತೋಳು ಹೊರಗೆ ಚಾಚಿಕೊಂಡಿತು. "ಹಳೇದು ತರ್ಬೇಕಿತ್ತು ಮಾರಾಯ್ರೆ, ಅದರಲ್ಲೇ ನಾಕು ನಮೂನೆ ಬತ್ತದೆ," ಎಂದ ಅಂಗಡಿಯವ. ನನಗೇ ಗೊತ್ತಿದ್ದ ಸಂಗತಿ, ಅವಸರದಲ್ಲಿ ಮರೆತಿದ್ದೆ. ಎರಡನೆಯ ಸಲ ಹಳೆಯದನ್ನು ಪೇಪರಿನಲ್ಲಿ ಸುತ್ತಿ ಒಯ್ದೆ. ಹೊಸ ಅಚ್ಚು, ಹೊಸ ಕಪ್ಪು, ಹೊಸ ಗುಂಡು. ದೋಣಿ ಇಂಜಿನ್ನಿಗೆ ಹಾಕುವ ಒಳ್ಳೇ ಗ್ರೀಸನ್ನು ವರ್ಕ್‌ಶಾಪಿನಿಂದ ಒಂದು ಡಬ್ಬಿ ತಂದೆ. ಅಚ್ಚು ಅಲ್ಲಾಡಲೂ ಬಾರದು, ಬಿಗಿಯಾಗಲೂ ಬಾರದು. ಎಡಗಡೆಯ ಕಪ್ಪನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡುತ್ತ ಅರ್ಧ ದಿನ ಕಳೆದೆ. ಕೈಬಿಟ್ಟರೆ ಪೆಡಲು ತನ್ನಷ್ಟಕ್ಕೇ ಸುತ್ತು ಹಾಕುವ ಹಾಗಾಯಿತು.

"ಹೊಡೆದು ನೋಡು," ಎಂದೆ.

ಅವಳು ಸೀರೆಯ ಸೆರಗು ಸಿಕ್ಕಿಸಿ ಹತ್ತಿದಳು. ಅಂಗಳದ ತೆಂಗಿನ ಮರದ ಸುತ್ತ ಎರಡು ಸುತ್ತು ಬಂದಳು. ನಾನು ಕುಕ್ಕರಗಾಲಲ್ಲಿ ಕೂತು ಕಿವಿಗೊಟ್ಟಿದ್ದೆ. ಒಂದು ಸದ್ದಿಲ್ಲ. ಮರಳಿನ ಮೇಲೆ ಟೈರು ಹೋಗುವುದಷ್ಟೇ. ಇಳಿದವಳು ಬಾವಿಕಟ್ಟೆ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಳು. ಆಮೇಲೆ, "ಹಗುರಾಯ್ತು ನೋಡಿ," ಎಂದಳು.

ಆಗ ಅವಳ ಮುಖ ಹೇಗಿತ್ತೋ ನನಗೆ ತಿಳಿಯದು. ನಾನು ಸೈಕಲ್ಲನ್ನೇ ನೋಡುತ್ತಿದ್ದೆ.

ಅದಾದ ಮೇಲೆ ಭಾರದ ಮಾತೇ ಬರಲಿಲ್ಲ. ನಾನು ಆಗೀಗ ಕೇಳುತ್ತಿದ್ದೆ, "ಹೇಗೆ ಓಡ್ತದೆ?" "ಹೂವಿನ ಹಾಗೆ," ಎನ್ನುತ್ತಿದ್ದಳು. ವರ್ಕ್‌ಶಾಪಿನಲ್ಲಿ ಇದನ್ನು ಹೇಳಿಕೊಂಡು ಚಹಾ ಕುಡಿದದ್ದೂ ಉಂಟು.

ಮಾವು ಕಾಯಿ ಕಟ್ಟುವ ಹೊತ್ತಿಗೆ, ಒಂದು ಮಧ್ಯಾಹ್ನ, ಅಂಗನವಾಡಿಯಲ್ಲಿ ಅನ್ನದ ಪಾತ್ರೆ ಇಳಿಸುತ್ತಿದ್ದವಳು ಅಲ್ಲೇ ಕುಸಿದು ಕೂತಳಂತೆ. ಅಲ್ಲಿಯ ಟೀಚರ್‌ಬಾಯಿ ರಿಕ್ಷಾ ಮಾಡಿ ಕಾರವಾರದ ಆಸ್ಪತ್ರೆಗೇ ಕರೆತಂದರು. ನಾನು ವರ್ಕ್‌ಶಾಪಿನಿಂದ ಗ್ರೀಸಿನ ಕೈಯಲ್ಲೇ ಓಡಿದೆ. ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ಹೃದಯ ದೊಡ್ಡದಾಗಿದೆ, ತುಂಬ ದಿನದಿಂದ ಸೋಲುತ್ತ ಬಂದಿದೆ ಎಂದು ಮೆಲ್ಲಗೆ ತಿಳಿಸಿ ಹೇಳಿದಳು. ಆಮೇಲೆ ಪೆನ್ನು ಹಿಡಿದು ಕೇಳಿದಳು: "ಮುಂಚೆ ಏನಾದ್ರೂ ಹೇಳ್ತಿದ್ರಾ? ನಡೆಯುವಾಗ ದಮ್ಮು, ಏರು ಹತ್ತುವಾಗ ಸುಸ್ತು?"

"ಸೈಕಲ್ ಭಾರ ಆಗ್ತದೆ ಅಂತಿದ್ದಳು," ಎಂದೆ.

ಡಾಕ್ಟರು ಬರೆಯುವುದನ್ನು ನಿಲ್ಲಿಸಿ ನನ್ನತ್ತ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಅವಳ ಕೊರಳಲ್ಲಿ ಆ ಕಿವಿಗೆ ಹಾಕಿಕೊಳ್ಳುವ ನಳಿಗೆ ತೂಗುತ್ತಿತ್ತು. ನನ್ನ ಸ್ಕ್ರೂಡ್ರೈವರಿನ ನೆನಪಾಯಿತು.

ಎಂಟು ದಿನ ಇದ್ದಳು. ಮಾತಾಡಲು ಆಗುತ್ತಿದ್ದ ದಿನಗಳಲ್ಲಿ ಬಹಳ ಕೇಳಿದ್ದು ಒಂದೇ. "ಸೈಕಲ್ ಅಲ್ಲೇ ಅಂಗನವಾಡಿ ಹತ್ರ ಉಳಿತು. ಒಳಗೆ ಇಡ್ಲಿಕ್ಕೆ ಹೇಳಿ. ಉಪ್ಪುಗಾಳಿ." ಒಂಬತ್ತನೆಯ ದಿನ ಬೆಳಿಗ್ಗೆ ನಾನು ಚಹಾ ತರಲು ಕೆಳಗೆ ಹೋಗಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಸೈಕಲ್ಲನ್ನು ಯಾರೋ ಮನೆಗೆ ತಂದು ಜಗಲಿಗೆ ಒರಗಿಸಿದ್ದರು. ಎರಡು ತಿಂಗಳು ಅತ್ತ ನೋಡಲಿಲ್ಲ. ಆಮೇಲೆ ಟೀಚರ್‌ಬಾಯಿ ಬಂದು, ಹೊಸದಾಗಿ ಸೇರಿದ ಸಹಾಯಕಿ ದೂರದಿಂದ ನಡೆದು ಬರುತ್ತಾಳೆ, ಸೈಕಲ್ ಕೊಡುತ್ತೀರಾ ಎಂದು ಸಂಕೋಚದಿಂದ ಕೇಳಿದರು. ಇಟ್ಟುಕೊಂಡು ನಾನೇನು ಮಾಡಲಿ? ಭಾನುವಾರ ಬನ್ನಿ ಎಂದೆ. ಕೊಡುವ ಮೊದಲು ಒಮ್ಮೆ ಎಲ್ಲ ಬಿಚ್ಚಿ ಗ್ರೀಸು ಹಾಕಬೇಕು. ಸಮುದ್ರದಂಚಿನಲ್ಲಿ ಓಡಿದ ಸೈಕಲ್ಲು, ಬಿಬಿಗೆ ಆಗಲೇ ಉಪ್ಪು ಹಿಡಿದಿರುತ್ತದೆ.

ತಲೆಕೆಳಗು ಮಾಡಿ ನಿಲ್ಲಿಸಿದೆ. ಎರಡೂ ಟೈರು ಚೆನ್ನಾಗಿ ಸವೆದಿದ್ದವು. ಹಬ್ಬಿನ ಗ್ರೀಸು ಕಪ್ಪಾಗಿತ್ತು, ಬದಲಿಸಿದೆ. ಸರಿಯೇ, ದಿನಾ ಓಡಿದ ಸೈಕಲ್ಲು. ಕಾಟರ್ ಪಿನ್ನು ಹೊಡೆದು ತೆಗೆದು, ಎಡಗಡೆಯ ಕಪ್ಪು ಬಿಚ್ಚಿ, ಅಚ್ಚು ಹೊರಗೆಳೆದೆ. ಗ್ರೀಸು ನಾನು ಹಾಕಿದ ಬಣ್ಣದಲ್ಲೇ ಇತ್ತು. ನನ್ನ ಹೆಬ್ಬೆರಳು ಒತ್ತಿದ ಗುರುತು ಕೂಡ ಅಂಚಿನಲ್ಲಿ ಹಾಗೇ ಇತ್ತು. ಗ್ರೀಸನ್ನು ಬೆರಳಿನಿಂದ ಬದಿಗೆ ಸರಿಸಿ ಕಪ್ಪನ್ನು ಬಿಸಿಲಿಗೆ ಹಿಡಿದೆ. ಗುಂಡುಗಳು ಓಡಿದರೆ ಕಪ್ಪಿನೊಳಗೆ ಒಂದು ಹೊಳಪಿನ ಗೆರೆ ಬೀಳುತ್ತದೆ. ಒಂದು ವಾರ ತುಳಿದರೂ ಬೀಳುತ್ತದೆ. ಗೆರೆ ಇರಲಿಲ್ಲ.

ಚಕ್ರ ಸವೆದಿದೆ, ಪೆಡಲಿನ ಅಚ್ಚು ತಿರುಗಿಯೇ ಇಲ್ಲ. ಅದರ ಅರ್ಥ ಒಂದೇ. ನಾನು ಅಷ್ಟು ಚೆಂದ ಮಾಡಿ ಕೊಟ್ಟ ಮೇಲೆ, ಅಂಗಳದ ಆ ಎರಡು ಸುತ್ತು ಬಿಟ್ಟರೆ, ಅವಳು ಅದನ್ನು ಹತ್ತಿಲ್ಲ. ದಿನಾ ಹೋಗುವಾಗ ಬರುವಾಗ ಕೈಯಲ್ಲಿ ತಳ್ಳಿಕೊಂಡು ನಡೆದಿದ್ದಾಳೆ.

ಟೀಚರ್‌ಬಾಯಿ ಬಂದಾಗ ಕಪ್ಪು ನನ್ನ ಕೈಯಲ್ಲೇ ಇತ್ತು. ಕೇಳಿದೆ. ಅವರು ಮೊದಲು ಮಾತು ಹಾರಿಸಲು ನೋಡಿ, ಆಮೇಲೆ ಹೇಳಿದರು.

"ಹೌದು, ತಳ್ಕಂಡೇ ಬರ್ತಿದ್ರು. ದಾರಿ ಮೇಲೆ ಎರಡು ಕಡೆ ಕೂತ್ಕಂಡು. ಹಾಗಾದ್ರೆ ಸೈಕಲ್ ಎಂತಕೆ ತರ್ತ್ರಿ, ಮನೇಲಿ ಬಿಟ್ಟು ಬನ್ನಿ ಅಂದೆ. ಬಿಟ್ರೆ ಟೈರಿಗೆ ಮರಳು ಹತ್ತೂದಿಲ್ಲ, ಅವ್ರಿಗೆ ಗೊತ್ತಾಗ್ತದೆ ಅಂದ್ರು. ಅಷ್ಟು ಕಷ್ಟಪಟ್ಟು ಸಮಾ ಮಾಡಿ ಕೊಟ್ಟಾರೆ, ಇನ್ನೂ ಭಾರ ಅಂದ್ರೆ ಬೇಜಾರು ಮಾಡ್ಕಂತ್ರು ಅಂದ್ರು."

ನನಗೆ ಮೊದಲು ಬಂದದ್ದು ಸಿಟ್ಟು. ಅವಳ ಮೇಲೇ ಸಿಟ್ಟು. ಒಂದು ಮಾತು ಹೇಳಿದ್ದರೆ ಏನಾಗುತ್ತಿತ್ತು? ಆಮೇಲೆ ಮಿಕ್ಸಿಯ ನೆನಪಾಯಿತು. ಹೇಳಿದ್ದರೆ ಏನಾಗುತ್ತಿತ್ತು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಟೀಚರ್‌ಬಾಯಿಯ ಎದುರಿಗೇ, ಅಂಗಳದ ಮಧ್ಯೆ, ಕುಕ್ಕರಗಾಲಲ್ಲಿ ಕೂತಲ್ಲೇ ಅತ್ತೆ. ಅವರು ಒಳಗೆ ಹೋಗಿ ಒಂದು ಚೊಂಬು ನೀರು ತಂದು ಪಕ್ಕದಲ್ಲಿಟ್ಟರು.

ನೀರು ಕುಡಿದು ಸೈಕಲ್ಲನ್ನು ಜೋಡಿಸಿದೆ. ಅದೇ ಗ್ರೀಸಿನಲ್ಲಿ ಗುಂಡು ಕೂರಿಸಿ, ಅಚ್ಚು ತೂರಿಸಿ, ಕಪ್ಪನ್ನು ಬಿಗಿದು, ಕಾಟರ್ ಪಿನ್ನು ಹೊಡೆದೆ. ಹೊಸ ಗ್ರೀಸಿನ ಡಬ್ಬಿ ಪಕ್ಕದಲ್ಲೇ ಇತ್ತು. ಬಿಬಿಗೆ ಅದನ್ನು ಮುಟ್ಟಲಿಲ್ಲ, ಬೇಕಾಗಿರಲಿಲ್ಲ.