ವಂದಕ್ಕ ಬರಲಿಲ್ಲ

ಮಾವಶಿ ನಿನ್ನನ್ನು ಕಡೆಗಣಿಸಲಿಲ್ಲ, ಮಗಳೇ. ಸುಳ್ಳು ಹೇಳಿದವಳು ನಾನು. ಕರ್ತೃ, ಕರ್ಮ, ಕ್ರಿಯಾಪದ ಮೂರೂ ಸರಿಯಿದ್ದ ಒಂದು ವಾಕ್ಯದಲ್ಲಿ ಹೇಳಿದೆ — ಅದಕ್ಕೇ ಇರಬೇಕು, ಯಾರೂ ಅನುಮಾನಿಸಲಿಲ್ಲ.

ನಾನು ಪಾಠ ಹೇಳುತ್ತಿದ್ದ ಕನ್ನಡ ಶಾಲೆ ಆಗಷ್ಟೇ ಮುಚ್ಚಿತ್ತು. ಜೋಗೇಶ್ವರಿಯಿಂದ ಫೋರ್ಟಿನ ಕಚೇರಿಯೊಂದಕ್ಕೆ ಲೋಕಲ್‌ನಲ್ಲಿ ಹೋಗಿಬರುವ ಕೆಲಸ ಹಿಡಿದಿದ್ದೆ. ಹಗಲು ನಿನ್ನನ್ನು ತನ್ನ ಮನೆಯಲ್ಲಿ ನೋಡಿಕೊಳ್ಳುತ್ತಿದ್ದವಳು ನಮ್ಮ ಚಾಳಿನವಳೇ ಆದ ಒಬ್ಬ ಮರಾಠಿ ಹೆಂಗಸು, ಎಲ್ಲರಿಗೂ ಮಾವಶಿ, ಅಂದರೆ ಚಿಕ್ಕಮ್ಮ. ಅದು ನಿನಗೆ ಡೈಪರ್ ಬಿಡಿಸುವ ಕಾಲ. ಬೆಳಿಗ್ಗೆ ನಿನ್ನನ್ನು ಮಕ್ಕಳ ಕಕ್ಕಸಿನ ಪಾಟಿನ ಮೇಲೆ ಕೂರಿಸುವವಳು ನಾನು, ಮಿಕ್ಕ ಹೊತ್ತೆಲ್ಲ ಅವಳು.

ಅವಳು ನಿನಗೆ ‘ಶೂ’ ಎನ್ನಲು ಕಲಿಸಿದಳು. ಮರಾಠಿ ಮನೆಗಳ ಮಕ್ಕಳು ಮೂತ್ರಕ್ಕೆ ಹಾಗೆನ್ನುತ್ತವೆ. ನನಗದು ಹಿಡಿಸಲಿಲ್ಲ. ನನ್ನ ತರಗತಿಯಲ್ಲಿ ಮಕ್ಕಳು ಕಿರುಬೆರಳೆತ್ತಿ ‘ಒಂದಕ್ಕೆ ಹೋಗಬೇಕು’ ಎಂದು ಪೂರ್ತಿಯಾಗಿ ಹೇಳಬೇಕಿತ್ತು. ಪದ ನುಂಗಿದವರಿಂದ ಮತ್ತೊಮ್ಮೆ ಹೇಳಿಸದೆ ಹೊರಗೆ ಬಿಟ್ಟವಳಲ್ಲ ನಾನು. ನಿನ್ನನ್ನೂ ಬಿಡಲಿಲ್ಲ.

“ಶೂ ಅಂದ್ರೆ ಕಾಲಿಗೆ ಹಾಕೋದು. ಸರಿಯಾಗಿ ಹೇಳು,” ಎಂದು ಬಚ್ಚಲಿನ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದೆ. ನೀನು ಕಾಲು ಹೆಣೆದುಕೊಂಡು ಕುಣಿಯುತ್ತಿದ್ದೆ. ಧಾರವಾಡದ ಕಡೆಯವರಾದ ನಿನ್ನ ಅಪ್ಪ ನಗುತ್ತಿದ್ದರು: “ಏ ಟೀಚರಮ್ಮಾ, ಕೂಸು ಮೊದ್ಲ ಉಚ್ಚಿ ಹೊಯ್ಲಿ ಬಿಡು. ಚತುರ್ಥಿ ವಿಭಕ್ತಿ ಆಮ್ಯಾಲೆ ಕಲೀತದ.”

ನೀನು ಕಲಿತೆ. ‘ಶೂ’ ಎನ್ನುವುದನ್ನು ಬಿಟ್ಟು ‘ಒಂದಕ್ಕೆ’ ಎನ್ನತೊಡಗಿದೆ. ಆ ಪದ ಮಾವಶಿಗೆ ತಿಳಿಯದೆಂಬುದು ನನಗೆ ಹೊಳೆಯಲಿಲ್ಲವೇ? ಹೊಳೆದಿತ್ತು. ಆದರೆ ಅವಳಿಗೆ ತಿಳಿಸಲು ಮರಾಠಿಯಲ್ಲಿ ಮಾತಾಡಬೇಕು. ಬಾಗಿಲಿಗೂ ಕುರ್ಚಿಗೂ ಲಿಂಗವಿರುವ ಆ ಭಾಷೆಯಲ್ಲಿ ನಾನು ಎಡವುತ್ತಿದ್ದೆ, ಎಡವುವುದಕ್ಕಿಂತ ಮೌನವೇ ಲೇಸೆಂದು — ಅಥವಾ ಬರಿಯ ಲೋಕಲ್ ಹಿಡಿಯುವ ಅವಸರವೋ. ಇಂದಿಗೂ ಗೊತ್ತಾಗುತ್ತಿಲ್ಲ.

ನಿನ್ನ ಚಡ್ಡಿ ದಿನವೂ ಒದ್ದೆಯಾಗತೊಡಗಿತು. ಆಮೇಲೆ ಜ್ವರ. ಮಗು ಮೂತ್ರ ತಡೆಹಿಡಿದು ಸೋಂಕಾಗಿದೆ ಎಂದರು ಡಾಕ್ಟರು. ಅಂದು ಸಂಜೆ ಮಾವಶಿ ನಿನ್ನ ಹಣೆ ಮುಟ್ಟಿ ನೋಡಿ ಹೇಳಿದಳು: “ಟೀಚರ್, ಪೋರಿ ದಿನಭರ್ ‘ವಂದಕ್ಕ, ವಂದಕ್ಕ’ ಕರ್ತೇ. ಮೀ ಸಾಂಗ್ತೇ, ವಂದಾ ಶಾಳೇತ್ ಗೇಲೀ, ಥಾಂಬ್ ಜರಾ.”

ವಂದಾ ಎಂದರೆ ಮೇಲಿನ ಮಹಡಿಯ ವಂದನಾ. ನಮ್ಮಿಂದ ‘ಅಕ್ಕ’ ಎಂಬ ಒಂದೇ ಕನ್ನಡ ಪದ ಕಲಿತಿದ್ದ ಮಾವಶಿ, ನೀನು ಶಾಲೆಗೆ ಹೋದ ಆ ಹುಡುಗಿಯನ್ನು ಕೇಳುತ್ತಿರುವೆ ಎಂದುಕೊಂಡಿದ್ದಳು. ತಾಳು, ಬರುತ್ತಾಳೆ ಎಂದು ಸಮಾಧಾನ ಮಾಡಿದ್ದಳು. ನೀನು ತಾಳಿದ್ದೆ — ತಾಳುವಷ್ಟು ಹೊತ್ತು.

ನನಗೆ ಆ ಕ್ಷಣವೇ ಎಲ್ಲವೂ ಅರ್ಥವಾಯಿತು. ನಾನು ಬಾಯಿ ತೆರೆಯಲಿಲ್ಲ. ಅವಳು ಹೋದ ಮೇಲೆ ಮನೆಗೆ ಬಂದ ನಿನ್ನ ಅಪ್ಪ “ಯಾಕ ಹಿಂಗಾತು?” ಎಂದು ಕೇಳಿದಾಗ ತೆರೆದೆ.

“ಮಾವಶಿ ಮಗುವನ್ನು ನೋಡಿಕೊಳ್ಳುವುದಿಲ್ಲ.”

ಅಪ್ಪ ನಿನ್ನನ್ನು ಅಲ್ಲಿಂದ ಬಿಡಿಸಿದರು. ಸುದ್ದಿ ಚಾಳಿನಲ್ಲಿ ಹಬ್ಬಿ ಬೇರೆ ಮನೆಗಳವರೂ ಮಕ್ಕಳನ್ನು ಅವಳ ಬಳಿ ಕಳಿಸದಾದರು. ಅವಳು ನಿನ್ನ ಪಾಟನ್ನು ತೊಳೆದು, ಒರೆಸಿ, ನಮ್ಮ ಹೊಸ್ತಿಲಲ್ಲಿಟ್ಟು ಹೋದಳು. ಏನನ್ನೂ ಕೇಳಲಿಲ್ಲ. ಕೇಳಿದ್ದರೆ — ಕೇಳಿದ್ದರೆ ಹೇಳುತ್ತಿದ್ದೆನೇ?

ಮೊನ್ನೆ ನೀನು ಕಾಲೇಜಿನಿಂದ ಬಂದವಳೇ ಹೇಳಿದೆ: “ಅಮ್ಮಾ, ವೋ ನೆಗ್ಲಿಜೆಂಟ್ ಮಾವಶಿ ಸ್ಟೇಷನ್‌ನಲ್ಲಿ ಮಿಲೀ. ನನ್ನ ನೋಡಿ ಸ್ಮೈಲ್ ಮಾಡಿತು. ನಾನ್ ಮುಖ ಆ ಕಡೆ ಮಾಡ್ದೆ. ಸರಿ ಕಿಯಾ ನಾ?”

ಮೊದಲ ಬಾರಿಗೆ ನಿನ್ನ ವಾಕ್ಯವನ್ನು ನಾನು ತಿದ್ದಲಿಲ್ಲ.

ನನ್ನ ತಪ್ಪು ಯಾವುದು — ಬಾಗಿಲಿಗೆ ಅಡ್ಡ ನಿಂತದ್ದೋ, ಪದ ಕಸಿದದ್ದೋ, ಆ ಒಂದು ವಾಕ್ಯವೋ? ಬೇರ್ಪಡಿಸಲು ಹೋದರೆ ಒಂದರೊಳಗೊಂದು ಸೇರಿಕೊಳ್ಳುತ್ತವೆ. ಭಾನುವಾರ ಅವಳ ಮನೆಗೆ ಹೋಗುತ್ತೇನೆ. ನೀನೂ ಜೊತೆಗೆ ಬಂದು ಕೇಳಿಸಿಕೋ. ‘ತಪ್ಪಾಯಿತು’ ಎನ್ನಲು ‘ಮಾಝಾ ಚೂಕ್ ಝಾಲಾ’ ಎನ್ನಬೇಕೋ ‘ಮಾಝೀ ಚೂಕ್ ಝಾಲೀ’ ಎನ್ನಬೇಕೋ, ಆ ‘ಚೂಕ್’ ಗಂಡೋ ಹೆಣ್ಣೋ ನನಗೆ ತಿಳಿಯದು. ನಿನಗೆ ಗೊತ್ತಿರುತ್ತದೆ; ಹೇಳಿಕೊಡಬೇಡ. ಬಾಯಿಗೆ ಬಂದಂತೆ ಹೇಳುತ್ತೇನೆ.