ತಪ್ಪೇ ಸಿಗದ ಪರೀಕ್ಷೆ

ಚಿಕ್ಕಬಳ್ಳಾಪುರದ ಒಂದು ಕಂಪ್ಯೂಟರ್ ಆಫೀಸಿನಲ್ಲಿ ನಾನು ಟೀ ಕಾಸಿ, ನೆಲ ಒರೆಸುತ್ತಿದ್ದೆ. ಶಿಡ್ಲಘಟ್ಟದ ರೇಷ್ಮೆಗೂಡಿನ ಹರಾಜಿಗೆ ಅಲ್ಲಿ ಸಾಫ್ಟ್‌ವೇರ್ ಬರೆಯೋರು. ಅದರಲ್ಲಿ ತಪ್ಪು ಹಿಡಿಯೋಕೆ ಅವರದೇ ಟೆಸ್ಟಿಂಗ್ ಏರ್ಪಾಟಿತ್ತು. ಸಾಲದು ಅಂತ ಹೊರಗಿನವರು ಬರೆದ ಪರೀಕ್ಷೆಗಳನ್ನೂ ತಂದು ಜೋಡಿಸೋರು. ಅದಕ್ಕೆ ಪ್ಲಗಿನ್ ಅಂತ ಹೆಸರು. ಜೋಡಿಸೋ ಕೆಲಸ ಹೊಸ ಹುಡುಗಿ ಮಂಜುಳಂದು. ಅವತ್ತು ಮಧ್ಯಾಹ್ನ ಬೆಂಗಳೂರಿನ ಸಾಹೇಬರು ನೋಡಿ ಒಪ್ಪಿದರೆ ಅವಳ ಕೆಲಸ ಖಾಯಂ.

ಪರದೆ ತುಂಬ ಹಸಿರು. ಆದರೂ ಹುಡುಗಿ ಕೂರಲ್ಲ, ನಿಲ್ಲಲ್ಲ.

"ಯಾಕೇ ಅಮ್ಮಣ್ಣಿ, ಎಲ್ಲಾ ಪಾಸಾಗಿದೆಯಲ್ಲ?"

"ಒಂದು ತಪ್ಪೂ ಸಿಕ್ಕಿಲ್ಲ ಅಜ್ಜಿ."

"ಹೊರಗಿಂದ ಬಂದ ಬೀಗಿತ್ತಿ ಸಾರಿಗೆ ಉಪ್ಪು ಕಮ್ಮಿ ಅನ್ನದೆ ಎದ್ದಿದ್ದುಂಟೇನೇ? ಅವಳು ಎಲೆ ಮುಂದೆ ಕೂತೇ ಇಲ್ಲ, ನೋಡು ಹೋಗು."

ಮಂಜುಳ ಬೇಕಂತಲೇ ಒಂದು ತಪ್ಪು ಸೇರಿಸಿದಳು. ಆಗಲೂ ಹಸಿರೇ! ಪ್ಲಗಿನ್ ತಂದಿಟ್ಟಿದ್ದಳು, ಆದರೆ ಓಡಿಸಬೇಕಾದ ಪರೀಕ್ಷೆಗಳ ಪಟ್ಟಿಯಲ್ಲಿ ಅದರ ಹೆಸರೇ ಬರೆದಿರಲಿಲ್ಲ. ಬರೆದಳು; ತಾನು ಸೇರಿಸಿದ್ದ ತಪ್ಪು ತೆಗೆದರೂ ಸಾಲುಸಾಲು ಕೆಂಪಾಯಿತು. ಅದೂ ಎಲ್ಲಿ? ನನ್ನ ಕೆಲಸದಲ್ಲಿ ತಪ್ಪೇ ಇರಲ್ಲ ಅಂತ ಮೀಸೆ ತಿರುವುತ್ತಿದ್ದ ಸೂಪರ್‌ವೈಸರ್ ಬರೆದ ಭಾಗದಲ್ಲಿ! ನನಗಂತೂ ಹಬ್ಬ.

ಅವನು ಓಡಿ ಬಂದ. "ಸಾಹೇಬರು ಹೋಗೋವರೆಗೂ ಆ ಪ್ಲಗಿನ್ ತೆಗೆದಿಡಮ್ಮ."

"ಆಗಲ್ಲ ಸಾರ್" ಅಂದಳು ಮಂಜುಳ. ಸಾಹೇಬರಿಗೆ ಕೆಂಪನ್ನೇ ತೋರಿಸಿದಳು. ಅವರು ಅವಳನ್ನು ಖಾಯಂ ಮಾಡಿದರು.

ಅವಳಿಗೆ ಹೇಳಿಕೊಟ್ಟವಳು ನಾನು ಅಂತ ಸೂಪರ್‌ವೈಸರಿಗೆ ತಿಳಿಯಿತು. ಮಾರನೇ ದಿನವೇ ಟೀ ಕಾಸೋ ಕೋಣೆ ಬಾಗಿಲಿಗೆ ಇಂಗ್ಲಿಷಿನಲ್ಲಿ ಏನೋ ನಿಯಮ ಅಂಟಿಸಿದ. ಮಂಜುಳ ಓದಿ ಹೇಳೋಕೆ ಬಂದಳು.

"ಬೇಡ ಕಣಮ್ಮ, ಗೊತ್ತಾದರೆ ಪಾಲಿಸಬೇಕಾಗುತ್ತೆ" ಅಂದೆ.