ಹೆಬ್ಬೆರಳಿನ ಕಾಲುಚೀಲ

ನನ್ನ ಸೋದರತ್ತೆ ಉಮಾಮಹೇಶ್ವರಿ ಅಂದರೆ ದಾವಣಗೆರೆಯ ಆನೆಕೊಂಡದ ನಮ್ಮ ಬೀದಿಗೆಲ್ಲ ಇಷ್ಟ. ಇಷ್ಟವಾಗದೆ ಏನು? ಏನು ಕೇಳಿದರೂ ಇಲ್ಲ ಎನ್ನದ ಹೆಂಗಸನ್ನು ಇಷ್ಟಪಡುವುದು ಯಾರಿಗೆ ಕಷ್ಟ? ಮದುವೆಯಾದ ವರ್ಷದೊಳಗೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ಇಪ್ಪತ್ತು ವರ್ಷ ನಮ್ಮ ಅಡುಗೆಮನೆಯಲ್ಲೇ ಸವೆದಳು. ಕಾಳಿನ ವ್ಯಾಪಾರಿಯಾಗಿದ್ದ ನನ್ನಪ್ಪ ಬಕ್ಕೇಶಪ್ಪ, "ನನ್ ತಂಗೀಗೆ ಏನ್ ಕಡಿಮಿ ಮಾಡೀನ್ರಿ?" ಎಂದು ಬಂದವರೆದುರು ಹೇಳುತ್ತಿದ್ದ. ಅವಳು ಮಲಗುತ್ತಿದ್ದದ್ದು ಜೋಳದ ಚೀಲ ಒಟ್ಟಿದ್ದ ಕೋಣೆಯಲ್ಲಿ.

ಉಮತ್ತೆಗೆ ತನ್ನದು ಅಂತ ಇದ್ದದ್ದು ಒಂದೇ, ಹೆಣಿಗೆ. ದಸರಾ ಮುಗಿದು ಬನ್ನಿ ಹಂಚಿದ ಮರುದಿನ ಅವಳ ಟ್ರಂಕಿನಿಂದ ಒಂದು ನೋಟ್‌ಬುಕ್ ಹೊರಗೆ ಬರುತ್ತಿತ್ತು. ಪ್ರತಿ ಹಾಳೆಗೂ ಅಂಗೈಯಗಲದ ಉಲ್ಲನ್ ತುಂಡು ಹೊಲಿದು, ಕೆಳಗೆ ಪೆನ್ಸಿಲಿನಲ್ಲಿ ಕುಣಿಕೆಗಳ ಲೆಕ್ಕ ಬರೆದಿದ್ದಳು. ಎಲೆ, ಹಗ್ಗ, ಮೆಟ್ಟಿಲು, ಬಟಾಣಿ. ಈ ಸಲ ಯಾರಿಗೆ ಯಾವ ಡಿಸೈನು ಎಂದು ಒಂದು ವಾರ ಯೋಚಿಸುತ್ತಿದ್ದಳು. ನಮ್ಮ ಪಾದಗಳನ್ನು ಹಳೆಯ ಪೇಪರಿನ ಮೇಲೆ ಇಡಿಸಿ ಸುತ್ತ ಗೆರೆ ಎಳೆಯುತ್ತಿದ್ದಳು. ಅಪ್ಪ ನಗುತ್ತಿದ್ದ. "ದಾವಣಗೆರ್‍ಯಾಗೆ ಯಾರಿಗೆ ಬೇಕಮ್ಮ ಉಲ್ಲನ್ ಸಾಕ್ಸು? ಎರಡು ತಿಂಗಳು ಚಳಿಗೆ ಟಿಬೆಟ್ಟಿನವರ ಅಂಗಡ್ಯಾಗೆ ಸಿಗಲ್ವಾ?" ಎನ್ನುತ್ತಿದ್ದ. ಚಳಿ ಶುರುವಾದರೆ ಮೊದಲು ಕಾಲು ಚಾಚುತ್ತಿದ್ದವನೂ ಅವನೇ.

ನಮ್ಮ ಮನೆಯಲ್ಲಿ ಎಲ್ಲರೂ ಹವಾಯಿ ಚಪ್ಪಲಿಯವರು. ಕಾಲುಚೀಲದ ಮೇಲೆ ಚಪ್ಪಲಿ ಮೆಟ್ಟಿದರೆ ಬೆರಳ ಸಂದಿನಲ್ಲಿ ಮುದ್ದೆಯಾಗಿ, ನಾಲ್ಕು ಹೆಜ್ಜೆಗೆ ಜಾರುತ್ತಿತ್ತು. ಉಮತ್ತೆ ಅದನ್ನು ನೋಡಿ ನೋಡಿ, ಹೆಬ್ಬೆರಳಿಗೇ ಬೇರೆ ಗೂಡು ಹೆಣೆಯುವುದನ್ನು ತಾನೇ ಕಂಡುಹಿಡಿದಳು. ಪಾದದ ಮೇಲೆ ಮೆಕ್ಕೆಜೋಳದ ತೆನೆಯಂತೆ ಸಾಲುಸಾಲು ಉಬ್ಬು ಕಾಳು. ಹೆಬ್ಬೆರಳು ಸರಿಯಾಗಿ ಕೂರಲು ಮೂರು ವರ್ಷ ಹಿಡಿಯಿತು. ಬಿಚ್ಚುವುದು, ಹೆಣೆಯುವುದು, ಮತ್ತೆ ಬಿಚ್ಚುವುದು. ಅಷ್ಟು ಹಟ ಅವಳಲ್ಲಿ ಬೇರೆ ಯಾವುದಕ್ಕೂ ಇರಲಿಲ್ಲ.

ತೊಂಬತ್ತೇಳರ ದಸರಾ ಹೊತ್ತಿಗೆ ಹರಿಹರದ ಒಂದು ಮಹಿಳಾ ಸಮಾಜದವರು ಹೆಣಿಗೆ ತರಗತಿಗೆ ಶಿಕ್ಷಕಿ ಬೇಕೆಂದು ಪ್ರಕಟಣೆ ಕೊಟ್ಟರು. ಸ್ವಂತ ಡಿಸೈನಿನ ಒಂದು ಕೆಲಸ ತರಬೇಕು. ಆಯ್ಕೆಯಾದವರಿಗೆ ಅಲ್ಲೇ ಒಂದು ರೂಮು. ಉಮತ್ತೆ ಆ ಪೇಪರಿನ ತುಂಡನ್ನು ನೋಟ್‌ಬುಕ್ಕಿನಲ್ಲಿಟ್ಟುಕೊಂಡು, "ರೂಪಾ, ಬಾಗಿಲಿಗೆ ಒಳಗಿಂದ ಚಿಲಕ ಇರ್ತೈತೆ ಅಲ್ವಾ?" ಎಂದು ನನ್ನನ್ನು ಕೇಳಿದಳು. ಜೋಳದ ಕೋಣೆಗೆ ಚಿಲಕವಿರಲಿಲ್ಲ. ಅದು ಅವಳಿಗೆ ಎಷ್ಟು ಮುಖ್ಯ ಎಂದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ಸುಖ ನನಗಿಲ್ಲ.

ಯಾವ ಡಿಸೈನು ಒಯ್ಯುವುದು ಎಂದು ಅವಳು ಎಂಟು ದಿನ ಹಾಳೆ ತಿರುವಿದಳು. ಎಲೆ ಚೆಂದ, ಆದರೆ ಪುಸ್ತಕದ್ದು. ಹಗ್ಗ ಯಾರೋ ನರ್ಸಮ್ಮ ಕಲಿಸಿದ್ದು. ಕೊನೆಗೆ ಹೆಬ್ಬೆರಳಿನ ಗೂಡಿದ್ದ ತೆನೆಯನ್ನೇ ಆರಿಸಿ, ಕೆಂಪು ಉಲ್ಲನ್ನಿನಲ್ಲಿ ಒಂದು ಜೊತೆ ಮುಗಿಸಿಟ್ಟಳು.

ಅದೇ ವಾರ ಹರಿಹರದಿಂದ ನನ್ನನ್ನು ನೋಡಲು ಗಂಡಿನವರು ಬಂದರು. ಹೆಣ್ಣು ನೋಡುವ ದಿನ ನಮ್ಮ ಕಡೆ ಮನೆಯಲ್ಲಿರುವ ಕೈಕೆಲಸವೆಲ್ಲ ಹುಡುಗಿಯದೇ ಆಗಿಬಿಡುತ್ತದೆ. ಬಾಗಿಲ ತೋರಣ, ಟಿವಿಯ ಮೇಲಿನ ಹೊದಿಕೆ, ಉಂಡೆಯ ಹದ, ಎಲ್ಲ. ಅದನ್ನು ಯಾರೂ ಸುಳ್ಳು ಎಂದುಕೊಳ್ಳುವುದಿಲ್ಲ. ಅಮ್ಮ ಆ ಕೆಂಪು ಜೊತೆಯನ್ನು ಟೀಪಾಯಿಯ ಮೇಲಿಟ್ಟು, "ನಮ್ ರೂಪಾನೇ ಹೆಣೆದಿರೋದ್ರಿ" ಎಂದಳು.

ಗಂಡಿನ ತಾಯಿ ದಾಕ್ಷಾಯಣಮ್ಮ ಕನ್ನಡಕ ಏರಿಸಿ, ಕಾಲುಚೀಲ ತೊಟ್ಟು, ಹೊರಗೆ ಹೋಗಿ ಚಪ್ಪಲಿ ಮೆಟ್ಟಿ ಬಂದರು. "ಹೊಳೀ ಗಾಳಿಗೆ ನನ್ ಪಾದ ಮರಗಟ್ತಾವೆ. ಇಂಥದ್ದು ಎಲ್ಲೂ ನೋಡಿಲ್ಲ. ಈ ಹೆಬ್ಬೆರಳು ಯಾರವ್ವ ಹೇಳಿಕೊಟ್ರು?"

ಅಮ್ಮನ ಸುಳ್ಳು ಅಲ್ಲಿಗೇ ನಿಲ್ಲಬಹುದಿತ್ತು. ನಮ್ಮತ್ತೆ ಹೇಳಿಕೊಟ್ಟಳು ಎಂದಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಹುಡುಗ ನನ್ನನ್ನೇ ನೋಡುತ್ತಿದ್ದ. ನನಗೆ ಜಂಬ. "ಯಾರೂ ಇಲ್ರಿ, ನಾನೇ ಯೋಚ್ನೆ ಮಾಡಿದ್ದು" ಎಂದೆ. ಅಡುಗೆಮನೆಯ ಬಾಗಿಲಲ್ಲಿ ಉಮತ್ತೆ ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿದ್ದಳು. ತಟ್ಟೆಯನ್ನು ಅಮ್ಮನ ಕೈಗೆ ಕೊಟ್ಟು ಒಳಗೆ ಹೋದಳು. ದಾಕ್ಷಾಯಣಮ್ಮ ಆ ಜೊತೆಯನ್ನು ಕಾಲಿನಿಂದ ತೆಗೆಯಲೇ ಇಲ್ಲ, ತೊಟ್ಟುಕೊಂಡೇ ಹರಿಹರಕ್ಕೆ ಹೋದರು.

ಉಮತ್ತೆ ಮತ್ತೆ ನೋಟ್‌ಬುಕ್ ತೆಗೆದು ಎಲೆ, ಮೆಟ್ಟಿಲು, ಬಟಾಣಿ ಎಲ್ಲ ನೋಡಿದಳು. ಸ್ವಂತದ್ದು ಎಂದು ಹೇಳುವಂಥದ್ದು ಅವಳ ಹತ್ತಿರ ಒಂದೇ ಇತ್ತು. ದೀಪಾವಳಿಯೊಳಗೆ ಅದನ್ನೇ ಹಸಿರು ಉಲ್ಲನ್ನಿನಲ್ಲಿ ಇನ್ನೊಮ್ಮೆ ಹೆಣೆದು, ಹಬ್ಬ ಕಳೆದ ಮೇಲೆ ಒಬ್ಬಳೇ ಹರಿಹರದ ಬಸ್ಸು ಹತ್ತಿದಳು. ಸಂಜೆ ಬಂದು, "ಬೇರೇವರನ್ನ ತಗೊಂತಾರಂತೆ" ಎಂದಷ್ಟೇ ಹೇಳಿ ಅಕ್ಕಿ ಆರಿಸಲು ಕೂತಳು. ಅಪ್ಪ, "ನಾನು ಹೇಳ್ಲಿಲ್ವಾ?" ಎಂದ. ನಾನು ನಿಶ್ಚಿತಾರ್ಥದ ಸೀರೆ ಮಡಚುತ್ತಿದ್ದೆ.

ಆ ದಿನ ನಡೆದದ್ದು ನನಗೆ ತಿಳಿದದ್ದು ಮದುವೆಯಾಗಿ ಹರಿಹರಕ್ಕೆ ಬಂದ ತಿಂಗಳಿಗೆ. ದಾಕ್ಷಾಯಣಮ್ಮನೇ ಹೇಳಿದರು. ಆ ಸಮಾಜಕ್ಕೆ ಅವರೇ ಅಧ್ಯಕ್ಷೆ; ಮದುವೆಯ ಮಾತುಕತೆಯಲ್ಲಿ ಆ ವಿಷಯ ಬಂದೇ ಇರಲಿಲ್ಲ.

"ನಿಮ್ಮತ್ತೆ ನಿನ್ ಡಿಸೈನೇ ತಗೊಂಡು ಬಂದಿದ್ಲು ಕಣವ್ವ, ತನ್ನದೇ ಅಂತ! ಇದು ರೂಪಂದಲ್ವೇನ್ರಿ ಅಂದೆ. ಆ ಹಸಿರು ಜೊತೆ ಮಡಚಿ ಚೀಲದಾಗೆ ಇಟ್ಕೊಂಡು, ಹೌದ್ರಿ, ರೂಪಂದೇ, ತಪ್ಪಾತು ಅಂದ್ಳು. ಬೀಗರ ಮನೆ ಮಾತು ಅಂತ ನಾನೂ ಯಾರಿಗೂ ಹೇಳ್ಲಿಲ್ಲ. ಆ ಕೆಲಸ ಯಾರಿಗೂ ಕೊಟ್ಟಿಲ್ಲ, ನಿನಗೇ ಅಂತ ಇಟ್ಟೀನಿ."

ಆಗಲಾದರೂ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಮದುವೆಯಾಗಿ ಒಂದು ತಿಂಗಳು, ಹೊಸ ಮನೆ, ಹೆದರಿಕೆ, ಕಾರಣಗಳಿಗೇನು ಬರ. ತಲೆಯಾಡಿಸಿದೆ. ನನಗೆ ಕಾಲುಚೀಲದ ಹಿಮ್ಮಡಿ ಹೆಣೆಯಲೂ ಬರುತ್ತಿರಲಿಲ್ಲ. ಅಮ್ಮನಿಗೆ ಮೈ ಹುಷಾರಿಲ್ಲ ಎಂದು ಇನ್ನೊಂದು ಸುಳ್ಳು ಹೇಳಿ ದಾವಣಗೆರೆಗೆ ಓಡಿದೆ.

ಉಮತ್ತೆ ಜೋಳದ ಚೀಲಕ್ಕೆ ಒರಗಿ ಕೂತಿದ್ದಳು. ನನ್ನ ಮಾತೆಲ್ಲ ಕೇಳಿ, ನಾಲ್ಕು ಕಡ್ಡಿ, ಒಂದು ಉಂಡೆ ಉಲ್ಲನ್ ತಂದು ನನ್ನ ಕೈಗೆ ಕೊಟ್ಟಳು. ಮೂರು ದಿನ ಹೇಳಿಕೊಟ್ಟಳು. ತಪ್ಪಿದಾಗ ಬೈಯಲಿಲ್ಲ, ಬಿಚ್ಚಿಕೊಟ್ಟಳು. ಮೇಲಂಚಿನ ಪಟ್ಟಿ ಬಂತು, ಹಿಮ್ಮಡಿ ಬಂತು, ತೆನೆಯ ಕಾಳೂ ಒಂದಷ್ಟು ಬಂತು. ಬೈದಿದ್ದರೆ ಚೆನ್ನಾಗಿತ್ತು ಎಂದು ನನಗೆ ಅಳು ಬರುತ್ತಿತ್ತು. ನಾಲ್ಕನೆಯ ದಿನ ಬೆರಳುಗಳ ಹತ್ತಿರ ಬಂದು, "ಉಮತ್ತೆ, ಹೆಬ್ಬೆರಳಿಗೆ ಎಷ್ಟು ಕುಣಿಕೆ ಬಿಡ್ಬೇಕು?" ಎಂದು ಕೇಳಿದೆ.

ಅವಳು ನೋಟ್‌ಬುಕ್ ಮುಚ್ಚಿ ಟ್ರಂಕಿನೊಳಗಿಟ್ಟಳು.

"ಹಿಮ್ಮಡಿ ನನಗೂ ಯಾರೋ ಹೇಳಿಕೊಟ್ಟಿದ್ದು. ಅದಕ್ಕೇ ನಿನಗೂ ಹೇಳಿಕೊಟ್ಟೆ. ಹೆಬ್ಬೆರಳು ನೀನೇ ಯೋಚ್ನೆ ಮಾಡಿದ್ದಲ್ಲೇನವ್ವ? ನೀನೇ ಹೆಣ್ಕೋ."

ಅವಳು ಯಾರಿಗಾದರೂ ಇಲ್ಲ ಎಂದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಈಗ ಎರಡನೇ ವರ್ಷ ಆ ತರಗತಿ ನಡೆಸುತ್ತಿದ್ದೇನೆ. ಕಲಿಸುವುದೆಲ್ಲ ಸಾದಾ ತುದಿಯ ಕಾಲುಚೀಲ. ಆ ಹೆಬ್ಬೆರಳಿನದ್ದು ಯಾಕೆ ಕಲಿಸುವುದಿಲ್ಲ ಎಂದು ದಾಕ್ಷಾಯಣಮ್ಮ ಕೇಳಿದರೆ, ಅದು ಮನೆಯವರಿಗೆ ಮಾತ್ರ ಎನ್ನುತ್ತೇನೆ. ಶಿಕ್ಷಕಿಗೆಂದು ಇಟ್ಟಿದ್ದ ಆ ರೂಮಿಗೆ ಒಳಗಿಂದ ಚಿಲಕವಿದೆ. ಅದರಲ್ಲಿ ಸಮಾಜದ ಮುರುಕು ಕುರ್ಚಿಗಳನ್ನು ತುಂಬಿದ್ದಾರೆ.